15 ವರ್ಷ ದಾಟಿದ ಕಾರು ಗುಜರಿಗೇ ಹೋಗಬೇಕಾ? ಹಳೆ ಗಾಡಿ ಇಟ್ಟುಕೊಂಡವರು ತಿಳಿಯಬೇಕಾದ ನಿಜ

"15 ವರ್ಷ ದಾಟಿದ ಎಲ್ಲ ಕಾರುಗಳನ್ನು ಸರ್ಕಾರ ಸೀಜ್ ಮಾಡುತ್ತೆ. ಇನ್ನು ಬಂಕ್‌ನಲ್ಲಿ ಪೆಟ್ರೋಲ್ ಕೂಡ ಹಾಕಲ್ಲ. ಈಗಲೇ ಮಾರಿಬಿಡಿ, ಎಲ್ಲರಿಗೂ ಶೇರ್ ಮಾಡಿ." ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ನಮ್ಮ ತಂಡದಲ್ಲೊಬ್ಬರ ದೊಡ್ಡಪ್ಪನಿಗೂ ಬಂತು. ಅವರ ಮನೆಯ ಶೆಡ್ಡಿನಲ್ಲಿ 1994ರ ಪ್ರೀಮಿಯರ್ ಪದ್ಮಿನಿ ಇದೆ. ನಿವೃತ್ತಿಯಾದ ಮೇಲೆ ಭಾನುವಾರ ಬಂತೆಂದರೆ ಅವರು ಆ ಕಾರಿನ ಬಾನೆಟ್ ಎತ್ತಿ ಕೂರುತ್ತಾರೆ. ಸಂದೇಶ ಓದಿ ಗಾಬರಿಯಾದರು. ಅದೇ ವಾರ ಮನೆಗೆ ಬಂದ ಗುಜರಿ ವ್ಯಾಪಾರಿ ಕೂಡ ಅದೇ ಮಾತು ಹೇಳಿ, ಕಬ್ಬಿಣದ ತೂಕದ ಲೆಕ್ಕದಲ್ಲಿ ಒಂದು ರೇಟು ಹೇಳಿದ. "ಎರಡು ದಿನ ತಡೀರಿ ದೊಡ್ಡಪ್ಪ, ನಾವು ನೋಡಿ ಹೇಳ್ತೀವಿ" ಎಂದೆವು. ಆಗ ನೋಡಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಕೊಡುತ್ತಿದ್ದೇವೆ.

ಸಂದೇಶ ನಿಜವೇ?

ಕರ್ನಾಟಕದ ಖಾಸಗಿ ಕಾರುಗಳ ಮಟ್ಟಿಗೆ ಇದು ಸುಳ್ಳು. ಮೂರು ಬೇರೆ ಬೇರೆ ನಿಯಮಗಳನ್ನು ಕಲಸಿ ಈ ಸಂದೇಶ ಮಾಡಿದ್ದಾರೆ.

ಒಂದು, ದೆಹಲಿಯ ನಿಯಮ. ಅಲ್ಲಿನ ವಾಯುಮಾಲಿನ್ಯದ ಕಾರಣಕ್ಕೆ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟವನ್ನು ನಿರ್ಬಂಧಿಸಲಾಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕ್‌ನಲ್ಲಿ ಇಂಧನ ಹಾಕಬಾರದು ಎಂಬ ಕ್ರಮ ಶುರುವಾಗಿ, ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ನಿಂತಿತು. ಬಂಕ್ ಮುಂದೆ ಪೊಲೀಸರು ಹಳೆ ಗಾಡಿ ಹಿಡಿಯುವ ವಿಡಿಯೊಗಳು ಆ ದಿನಗಳವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಕಾರಣಕ್ಕಷ್ಟೇ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಈ ರಕ್ಷಣೆಯನ್ನು ಬಿಎಸ್-4 ಮತ್ತು ಆಮೇಲಿನ ಗಾಡಿಗಳಿಗೆ ಸೀಮಿತಗೊಳಿಸಿತು. ಇದೆಲ್ಲ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಕಥೆ. ತಿಪಟೂರಿಗೋ ಧಾರವಾಡಕ್ಕೋ ಅನ್ವಯಿಸುವುದಿಲ್ಲ.

ಎರಡು, ಸರ್ಕಾರಿ ವಾಹನಗಳ ನಿಯಮ. 2023ರ ಏಪ್ರಿಲ್ 1ರಿಂದ ಸರ್ಕಾರಿ ಇಲಾಖೆ, ನಿಗಮಗಳ 15 ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣ ನಿಂತಿದೆ. ರಕ್ಷಣಾ ಪಡೆಗಳಂಥ ಕೆಲವಕ್ಕೆ ವಿನಾಯಿತಿ ಇದೆ. ಇದು ನಿಮ್ಮ ಸ್ವಂತ ಕಾರಿನ ವಿಷಯವಲ್ಲ.

ಮೂರು, 2021ರ ಆಗಸ್ಟ್‌ನಲ್ಲಿ ಪ್ರಕಟವಾದ ಗುಜರಿ ನೀತಿ. ಅದು ಸ್ವಯಂಪ್ರೇರಿತ. ಗಾಡಿಯನ್ನು ಗುಜರಿಗೆ ಹಾಕಲು ಅಲ್ಲಿ ಮುಖ್ಯವಾಗುವುದು ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲ್ ಆಗುವುದು, ಹುಟ್ಟಿದ ವರ್ಷವಲ್ಲ.

ಹಾಗಾದರೆ 15 ವರ್ಷಕ್ಕೆ ಏನಾಗುತ್ತದೆ?

ಖಾಸಗಿ ಕಾರಿನ ಆರ್‌ಸಿ ಮೊದಲು 15 ವರ್ಷಕ್ಕೆ ಚಾಲ್ತಿಯಲ್ಲಿರುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಪರೀಕ್ಷೆಯಲ್ಲಿ ಪಾಸಾಗುವವರೆಗೆ ಎಷ್ಟು ಸಲ ಬೇಕಾದರೂ ಮಾಡಿಸಬಹುದು.

ಅವಧಿ ಮುಗಿಯುವ 60 ದಿನ ಮೊದಲಿನಿಂದ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. ಖರ್ಚು ಮಾತ್ರ ಏರಿದೆ. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000 ರೂಪಾಯಿ ಮಾಡಲಾಯಿತು. ಕರ್ನಾಟಕದಲ್ಲಿ ಇದರ ಜೊತೆ ಹಸಿರು ತೆರಿಗೆ ಇದೆ. ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ.

ದೊಡ್ಡಪ್ಪನ ಕಾರಿನ ಆರ್‌ಸಿ 2024ರಲ್ಲೇ ಮುಗಿದಿತ್ತು! ನಿಜವಾದ ತೊಂದರೆ ಇದ್ದದ್ದು ಅಲ್ಲಿ. ಆರ್‌ಸಿ ಮುಗಿದ ಗಾಡಿಯನ್ನು ರಸ್ತೆಗಿಳಿಸುವುದು ಅಪರಾಧ. ಅಪಘಾತವಾದರೆ ಇನ್ಶೂರೆನ್ಸ್ ಹಣಕ್ಕೂ ತಕರಾರು ಬರಬಹುದು. ಗುಂಪಿನಲ್ಲಿ ಫಾರ್ವರ್ಡ್ ಓದುವ ಮೊದಲು ನಿಮ್ಮ ಆರ್‌ಸಿಯಲ್ಲಿರುವ ದಿನಾಂಕ ಓದಿ.

50 ವರ್ಷ ದಾಟಿದ್ದರೆ?

ಆಗ ಗಾಡಿಗೆ ವಿಂಟೇಜ್ ದರ್ಜೆ ಸಿಗಬಹುದು. 2021ರ ಜುಲೈನ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಬೈಕು, ಕಾರುಗಳಿಗೆ ಇದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಹೊಸ ನಂಬರಿನಲ್ಲಿ 'ವಿಎ' ಅಕ್ಷರಗಳಿರುತ್ತವೆ. ಆದರೆ ಇಂಥ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಹೋಗಿ ಬರುವುದು, ಇಂಥದ್ದಕ್ಕಷ್ಟೇ ಅವಕಾಶ.

ಇನ್ನೊಂದು ಎಚ್ಚರ. ಹಳೆ ಗಾಡಿ ರಿಪೇರಿ ಮಾಡಲು ಯಾರ ಅನುಮತಿಯೂ ಬೇಡ. ಆದರೆ ಬೇರೆ ಎಂಜಿನ್ ಕೂರಿಸುವುದು, ಚಾಸಿ ಕತ್ತರಿಸುವುದು, ಜೀಪನ್ನು ಉದ್ದ ಮಾಡುವುದು ಬದಲಾವಣೆ. ಅದಕ್ಕೆ ಆರ್‌ಟಿಒ ಅನುಮತಿ ಬೇಕು. ಬಣ್ಣ ಬದಲಾದರೂ ಆರ್‌ಸಿಯಲ್ಲಿ ನಮೂದಾಗಬೇಕು.

"ಹಳೆ ಕಾಲದ ತಗಡು ಗಟ್ಟಿ, ಅದಕ್ಕೇ ಹಳೆ ಕಾರೇ ಸೇಫ್" ನಿಜವೇ?

ಸುಳ್ಳು. ಹಳೆ ಗಾಡಿಯ ಬಗ್ಗೆ ಪ್ರೀತಿ ಇರುವವರೇ ಹೆಚ್ಚಾಗಿ ಶೇರ್ ಮಾಡುವ ಮಾತು ಇದು.

ತಗಡು ದಪ್ಪವಿರುವುದು ನಿಜ. ಆದರೆ ಡಿಕ್ಕಿಯಾದಾಗ ಗಾಡಿಯ ವೇಗದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಹೊಸ ಕಾರುಗಳ ಮುಂಭಾಗವನ್ನು ಬೇಕೆಂದೇ ಮಡಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಅದು ಅಪ್ಪಚ್ಚಿಯಾಗುತ್ತಾ ಪೆಟ್ಟನ್ನು ನುಂಗುತ್ತದೆ, ಜನ ಕೂರುವ ಭಾಗ ಉಳಿಯುತ್ತದೆ. ಹಳೆ ಕಾರಿಗೆ ಆ ಏರ್ಪಾಡು ಇಲ್ಲ, ಏರ್‌ಬ್ಯಾಗ್ ಇಲ್ಲ, ಎಷ್ಟೋ ಗಾಡಿಗಳಲ್ಲಿ ಸೀಟ್ ಬೆಲ್ಟೂ ಇಲ್ಲ. ಪೆಟ್ಟು ನೇರವಾಗಿ ಒಳಗಿದ್ದವರಿಗೆ ತಾಗುತ್ತದೆ.

2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಮುಖಾಮುಖಿ ಡಿಕ್ಕಿ ಹೊಡೆಸಿತು. ಹಳೆ ಕಾರಿನ ಚಾಲಕನ ಜಾಗವೇ ಕುಸಿದುಹೋಯಿತು. ಹೊಸ ಕಾರಿನ ಒಳಭಾಗ ಹೆಚ್ಚುಕಡಿಮೆ ಹಾಗೇ ಉಳಿಯಿತು. ವಿಡಿಯೊ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ನೋಡಿ.

ಹಳೆ ಕಾರು ಓಡಿಸಬೇಡಿ ಎನ್ನುತ್ತಿಲ್ಲ. ನಿಧಾನಕ್ಕೆ ಓಡಿಸಿ, ರಾತ್ರಿ ಹೈವೇ ಬಿಡಿ. ಸೀಟ್ ಬೆಲ್ಟ್ ಇಲ್ಲದಿದ್ದರೆ ಗಟ್ಟಿ ಆಧಾರಕ್ಕೆ ಬೋಲ್ಟ್ ಮಾಡಿ ಹಾಕಿಸಿ. ಟೈರ್ ನೋಡುವಾಗ ಗೆರೆ ಸವೆದಿದೆಯೇ ಎಂದಷ್ಟೇ ನೋಡಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2416 ಎಂದಿದ್ದರೆ ಅದು 2016ರ 24ನೇ ವಾರದಲ್ಲಿ ತಯಾರಾದ ಟೈರು. ಶೆಡ್ಡಿನಲ್ಲಿ ಸುಮ್ಮನೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ.

"ಇ20 ಪೆಟ್ರೋಲ್ ಹಾಕಿದರೆ ಹಳೆ ಎಂಜಿನ್ ಕಥೆ ಮುಗಿಯಿತು" ನಿಜವೇ?

ಅರ್ಧ ನಿಜ. ಇ20 ಎಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಇದಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ.

ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೇ ಎಥನಾಲ್‌ಗೆಂದು ವಿನ್ಯಾಸ ಮಾಡದ ಕಾರುಗಳಲ್ಲಿ 6-7% ಇಳಿಕೆ ಅಂದಾಜಿಸಿತ್ತು. ಎಂಜಿನ್ ಒಂದೇ ದಿನದಲ್ಲಿ ಹಾಳಾಗುವುದಿಲ್ಲ.

ತೊಂದರೆ ಶುರುವಾಗುವುದು ಪೈಪು, ಗ್ಯಾಸ್ಕೆಟ್‌ಗಳಲ್ಲಿ. ಹಳೆ ರಬ್ಬರು ಎಥನಾಲ್‌ಗೆ ಊದಿಕೊಂಡು ಬಿರುಕು ಬಿಡಬಹುದು. ಕೆಲವು ಹಳೆ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ನಂತರ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ದಿನಾ ಓಡುವ ಗಾಡಿಗೆ ಇದು ದೊಡ್ಡ ವಿಷಯವಲ್ಲ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಲ್ಲಿ ಟ್ಯಾಂಕಿಗೆ ತುಕ್ಕು ಹಿಡಿಯಬಹುದು, ಕಾರ್ಬ್ಯುರೇಟರ್ ಜೆಟ್ ಕಟ್ಟಬಹುದು.

ಏನು ಮಾಡಬೇಕು? ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ವಿಚಾರಿಸಿ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಬ್ಯಾಟರಿಯೂ ತುಂಬುವುದಿಲ್ಲ. ಪೆಟ್ರೋಲ್‌ಗೆ 2ಟಿ ಆಯಿಲ್ ಬೆರೆಸಿ ಎಂಬ ರೀಲ್ ನಂಬಬೇಡಿ. ಅದರಿಂದ ರಬ್ಬರಿಗೆ ರಕ್ಷಣೆ ಸಿಗುವುದಿಲ್ಲ. ಎಣ್ಣೆ ಉರಿದು ಹೊಗೆ ಬರುತ್ತದೆ, ಪ್ಲಗ್ಗಿಗೆ ಕಾರ್ಬನ್ ಕಟ್ಟುತ್ತದೆ.

ಯಾವ ಫಾರ್ವರ್ಡೂ ಹೇಳದ ಅಪಾಯಗಳು

ಇಂಧನದ ಬಗ್ಗೆ ನೂರು ಸಂದೇಶ ಬರುತ್ತವೆ. ಮನೆಯಲ್ಲೇ ರಿಪೇರಿ ಮಾಡುವವರ ಜೀವಕ್ಕೆ ಕುತ್ತು ತರುವ ಸಂಗತಿಗಳ ಬಗ್ಗೆ ಒಂದೂ ಬರುವುದಿಲ್ಲ.

ಬ್ರೇಕ್ ಧೂಳು: ಹಳೆ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿದೆ. ಕಾಯಿಲೆ ಕಾಣಿಸಿಕೊಳ್ಳುವುದು ದಶಕಗಳ ನಂತರ. ಡ್ರಮ್ ಬಿಚ್ಚಿ ಬಾಯಲ್ಲಿ ಊದುವುದು, ಏರ್ ಹೊಡೆಯುವುದು ಬೇಡವೇ ಬೇಡ. ಸೋಪು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಕರ್ಚೀಫು ಕಟ್ಟಿಕೊಂಡರೆ ಸಾಲದು.

ಹಳೆ ಪೇಂಟ್: ಅದರಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಮಕ್ಕಳನ್ನು ದೂರ ಇಡಿ, ಊಟಕ್ಕೆ ಮೊದಲು ಕೈ ಚೆನ್ನಾಗಿ ತೊಳೆಯಿರಿ.

ಜಾಕ್: ಜಾಕ್ ಇರುವುದು ಗಾಡಿ ಎತ್ತಲು, ಹೊತ್ತು ನಿಲ್ಲಲು ಅಲ್ಲ. ಕೆಳಗೆ ನುಸುಳುವ ಮೊದಲು ಕಬ್ಬಿಣದ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮುನ್ಸೂಚನೆ ಇಲ್ಲದೆ ಸೀಳುತ್ತವೆ.

ಹೊಗೆ: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೂ ಇರುವುದಿಲ್ಲ.

ಆದರೂ ಗುಜರಿಗೆ ಕೊಡಲೇಬೇಕೆಂದರೆ?

ಚಾಸಿಯೇ ತುಕ್ಕು ತಿಂದು ಹೋಗಿದ್ದರೆ ಬೀಳ್ಕೊಡುವುದೇ ಸರಿ. ಆದರೆ ಮನೆ ಬಾಗಿಲಿಗೆ ಬಂದವರಿಗೆ ಹಾಗೇ ಕೊಡಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು, ಗಾಡಿ ಅಥವಾ ಅದರ ನಂಬರ್ ಇನ್ನೆಲ್ಲೋ ಓಡಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಸರ್ಕಾರದಲ್ಲಿ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆಯಿರಿ, ಆರ್‌ಸಿ ರದ್ದಾಗಿದೆಯೇ ಖಚಿತಪಡಿಸಿಕೊಳ್ಳಿ. ಆ ಪ್ರಮಾಣಪತ್ರ ತೋರಿಸಿದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ 25%ವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ.

ಕೊನೆಯದಾಗಿ

ಅಂಬಾಸಿಡರ್ ಮತ್ತು ಮಾರುತಿ 800, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಇನ್ನು ಕೆಲವೇ ವರ್ಷಗಳಲ್ಲಿ ದೇಶದಲ್ಲಿರುವ ಎಲ್ಲ ಅಂಬಾಸಿಡರ್, ಎಲ್ಲ ಮಾರುತಿ 800 ಕಾರುಗಳಿಗೂ 15 ವರ್ಷ ದಾಟಿರುತ್ತದೆ. ಆ ಸಂದೇಶ ನಂಬಿ ಎಲ್ಲರೂ ಮಾರಿದರೆ ಮುಂದಿನವರು ಇವನ್ನು ಧರ್ಮಸ್ಥಳದ ಕಾರ್ ಮ್ಯೂಸಿಯಂನಂಥ ಕಡೆ ಮಾತ್ರ ನೋಡಬೇಕಾಗುತ್ತದೆ.

ದೊಡ್ಡಪ್ಪ ಕಾರು ಮಾರಲಿಲ್ಲ. ಪೆಟ್ರೋಲ್ ಪೈಪು, ನಾಲ್ಕು ಟೈರು, ಬ್ರೇಕ್ ಲೈನಿಂಗ್ ಬದಲಿಸಿ ಆರ್‌ಟಿಒಗೆ ತೋರಿಸಲು ತಯಾರಿ ನಡೆದಿದೆ. ಮೊದಲ ಪರೀಕ್ಷೆಯಲ್ಲೇ ಪಾಸಾಗುತ್ತದೋ ಇಲ್ಲವೋ, ನೋಡಬೇಕು. ಅದನ್ನು ತೀರ್ಮಾನಿಸುವುದು ಬ್ರೇಕು, ಲೈಟು, ಹೊಗೆಯೇ ಹೊರತು ವಾಟ್ಸಾಪ್ ಅಲ್ಲ.

ನಿಮ್ಮ ಗ್ರೂಪಿಗೆ ಆ ಸಂದೇಶ ಮತ್ತೆ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಇದು ಯಾವ ಊರಿನ ನಿಯಮ?"