ಮಂಡಿ ನೋವಿನ ಡಬ್ಬಿ, ಬೋರ್‌ವೆಲ್ಲಿನ ನೀರು

ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲುಕೋಸಮೈನ್ ಮಾತ್ರೆಗಳಲ್ಲಿ ಹೆಚ್ಚಿನವು ಸೀಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುತ್ತವೆ. ಅದರ ಜೊತೆಗಾರ ಕಾಂಡ್ರಾಯ್ಟಿನ್ ಬರುವುದು ದನ, ಹಂದಿ, ಶಾರ್ಕ್ ಮೀನುಗಳ ಮೃದ್ವಸ್ಥಿಯಿಂದ. ಶ್ರಾವಣದಲ್ಲಿ ಮೊಟ್ಟೆಯನ್ನೂ ಮುಟ್ಟದ ಮನೆಗಳಲ್ಲಿ ಇವು ಊಟವಾದ ಮೇಲೆ ನಿರಾತಂಕವಾಗಿ ಹೊಟ್ಟೆ ಸೇರುತ್ತಿವೆ. (ಮೆಕ್ಕೆಜೋಳದಿಂದ ಮಾಡಿದ ಗ್ಲುಕೋಸಮೈನೂ ಇದೆ, ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಇದೆಯೇ ನೋಡಿಕೊಳ್ಳಿ.) ಅದಿರಲಿ, ನೋವಾದರೂ ಹೋಗುತ್ತದೆಯೇ?

ಮಂಡಿಯಲ್ಲಿ ಸೇರುವ ಮೂಳೆಗಳ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿಯ ಹೊದಿಕೆಯಿದೆ. ಅದರ ಬಹುಪಾಲು ನೀರು. ರಕ್ತನಾಳ ಅದರೊಳಗೆ ಇಳಿಯುವುದಿಲ್ಲ. ಕಾಲೂರಿದಾಗ ಅದು ಒತ್ತಿಕೊಂಡು ದ್ರವ ಬಿಡುತ್ತದೆ, ಕಾಲೆತ್ತಿದಾಗ ಕೀಲಿನೊಳಗಿನ ದ್ರವವನ್ನು ಹೀರುತ್ತದೆ. ಅದಕ್ಕೆ ಆಹಾರ ಸಿಗುವುದು ಹೀಗೆಯೇ. ಅದಕ್ಕೇ ಒಮ್ಮೆ ಸವೆದರೆ ತಾನಾಗಿ ತುಂಬಿಕೊಳ್ಳುವುದು ತೀರಾ ಕಡಿಮೆ. ಗ್ಲುಕೋಸಮೈನ್ ಈ ಹೊದಿಕೆಯ ಕಚ್ಚಾವಸ್ತುಗಳಲ್ಲಿ ಒಂದಾದ್ದರಿಂದ, ತಿಂದದ್ದು ನೇರ ಮಂಡಿಗೇ ಹೋಗಿ ಕೂರುತ್ತದೆಂದು ಜನ ನಂಬಿದರೆ ಆಶ್ಚರ್ಯವಿಲ್ಲ.

ಅಮೆರಿಕದ ಸರ್ಕಾರಿ ಹಣದಲ್ಲಿ 1,583 ಮಂದಿಯ ಮೇಲೆ ಇದರ ದೊಡ್ಡ ಪರೀಕ್ಷೆ ನಡೆದು 2006ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ಹೊತ್ತಿಗೆ, ಗ್ಲುಕೋಸಮೈನ್ ತಿಂದವರಲ್ಲಿ ನೂರಕ್ಕೆ 64 ಮಂದಿಗೆ ನೋವು ಗಣನೀಯವಾಗಿ ತಗ್ಗಿತ್ತು. ಏನೂ ಇಲ್ಲದ ಬರೀ ಮಾತ್ರೆ ತಿಂದವರಲ್ಲಿ? ನೂರಕ್ಕೆ 60! ಈ ಅಂತರವನ್ನು ಔಷಧದ ಗುಣವೆಂದು ಲೆಕ್ಕಕ್ಕೆ ಹಿಡಿಯಲಾಗದು. ನೋವು ಜೋರಾಗಿದ್ದವರ ಗುಂಪಿನಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎರಡನ್ನೂ ಕೂಡಿಸಿ ಕೊಟ್ಟಾಗ ಲಾಭ ಕಂಡಿತ್ತು, ಆದರೆ ಆ ಗುಂಪು ಚಿಕ್ಕದು. ಪಕ್ಕದ ಮನೆಯವರು ‘ನನಗೆ ಇದರಿಂದಲೇ ವಾಸಿಯಾಯ್ತು ಕಣ್ರೀ’ ಎಂದರೆ ಸುಳ್ಳು ಹೇಳುತ್ತಿಲ್ಲ. ನೋವು ಇಳಿದದ್ದು ನಿಜ, ಕಾರಣ ಮಾತ್ರೆಯೇ ಎಂಬುದಷ್ಟೇ ಅನುಮಾನ.

ಅರಿಸಿನದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಅದರ ಕರ್ಕ್ಯುಮಿನ್ ಉರಿಯೂತ ತಗ್ಗಿಸುತ್ತದೆ. ಸಣ್ಣ ಸಣ್ಣ ಪರೀಕ್ಷೆಗಳಲ್ಲಿ ಮಂಡಿ ನೋವಿಗೂ ಅಷ್ಟಿಷ್ಟು ಉಪಶಮನ ಕಂಡಿದೆ. ತೊಡಕೆಂದರೆ ಅದು ರಕ್ತಕ್ಕೆ ಸೇರುವುದೇ ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ 2,000 ಪ್ರತಿಶತ ಏರಿತು. ಇಂದು ಜಗತ್ತಿನ ಎಷ್ಟೋ ಅರಿಸಿನದ ಮಾತ್ರೆಗಳಲ್ಲಿ ಮೆಣಸು ಸೇರಿರುವುದರ ಹಿಂದೆ ಈ ಬೆಂಗಳೂರಿನ ಪ್ರಯೋಗವಿದೆ. ಬೇಲೂರಿನ ಕಾಫಿ ತೋಟಗಳಲ್ಲಿ ಮರಕ್ಕೆ ಹಬ್ಬಿಸಿದ ಅದೇ ಮೆಣಸು!

ಆದರೆ ಪೈಪರಿನ್ ಮಾಡುವುದು ಇಂಥ ವಸ್ತುಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಕೆಲಸಕ್ಕೆ ಅಡ್ಡಿ. ಆ ಅಡ್ಡಿ ಕರ್ಕ್ಯುಮಿನ್‌ಗೆ ಮಾತ್ರ ಸೀಮಿತವಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧವೂ ರಕ್ತದಲ್ಲಿ ಏರುತ್ತದೆ. ಇಟಲಿ, ಅಮೆರಿಕಗಳಲ್ಲಿ ಅರಿಸಿನದ ಮಾತ್ರೆಯಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ಅರಿಸಿನದ್ದಾಗಲಿ ಗ್ಲುಕೋಸಮೈನ್‌ನದ್ದಾಗಲಿ, ಡಾಕ್ಟರನ್ನು ಕೇಳದೆ ಡಬ್ಬಿ ಮುಟ್ಟಬಾರದು.

ಮಂಡಿ ನೋವಿಗೆ ಸವೆತವೊಂದೇ ಕಾರಣವಲ್ಲ. ಬೇಲೂರಿನಿಂದ ಹಳೇಬೀಡು ದಾಟಿ ಅರಸೀಕೆರೆಯತ್ತ ಬಂದರೆ ಮಲೆನಾಡು ಮುಗಿದು ತೆಂಗಿನ ಬಯಲುಸೀಮೆ. ಕೆರೆ ಒಣಗಿದ ಮೇಲೆ ಊರುಗಳು ಆಳದ ಬೋರ್‌ವೆಲ್ ನಂಬಿದವು. ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡ್ ಹೊತ್ತು ಬರುತ್ತದೆ. ಅರಸೀಕೆರೆ ತಾಲ್ಲೂಕಿನದು ಹಳೆಯ ತೊಂದರೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ಮಾನಕ. ಅದಕ್ಕೂ ಬಹಳ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ದಟ್ಟವಾಗುತ್ತದೆ, ಸ್ನಾಯುಬಂಧಗಳಲ್ಲಿ ಸುಣ್ಣ ಕಟ್ಟುತ್ತದೆ, ಕತ್ತು, ಸೊಂಟ, ಮಂಡಿ ಬಿಗಿಯುತ್ತವೆ. ಆರಂಭದಲ್ಲಿ ಇದು ಸಾಮಾನ್ಯ ವಾತದಂತೆಯೇ ಇರುವುದರಿಂದ ಡಬ್ಬಿ ಮೇಲೆ ಡಬ್ಬಿ ಖಾಲಿಯಾಗುತ್ತದೆ, ನೀರು ಮಾತ್ರ ಅದೇ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದರೆ ಅದೊಂದು ಸುಳಿವು.

ಇಲ್ಲಿ ತಟ್ಟೆಯಲ್ಲಿರುವುದೇ ಡಬ್ಬಿಗಿಂತ ಮೇಲು. ಕ್ಯಾಲ್ಸಿಯಂ ಕಡಿಮೆಯಿರುವವರನ್ನು ಫ್ಲೋರೈಡ್ ಹೆಚ್ಚು ಕಾಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹುಣಸೆ ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಬಿದ್ದದ್ದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತೋರಿಸಿದೆ. ಹಾಗೆಂದು ಮುದ್ದೆ, ಹುಳಿಸಾರು ಈಗಾಗಲೇ ಬಿಗಿದ ಕೀಲನ್ನು ಸಡಿಲಿಸಲಾರವು.

ಬರೀ ಸವೆತದ ನೋವಾದರೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು ಯಾವ ಮಾತ್ರೆಗಿಂತಲೂ ಮೇಲು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಬೆಳಗ್ಗೆ ಬೆರಳ ಗೆಣ್ಣುಗಳು ಊದಿಕೊಂಡು ಗಂಟೆಗಟ್ಟಲೆ ಮಡಚಲಾಗದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು; ಮಾತ್ರೆ ಪ್ರಯೋಗ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಬೋರ್‌ವೆಲ್ ನೀರು ಕುಡಿಯುವವರು ಇನ್ನೊಂದು ಡಬ್ಬಿ ಕೊಳ್ಳುವ ಮುನ್ನ ಗ್ರಾಮ ಪಂಚಾಯಿತಿಗೆ ಹೋಗಿ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಲು ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.