ಕಾಲಯಂತ್ರದಲ್ಲಿ ಕಂಡ ಕೃಷ್ಣದೇವರಾಯ

ಭಕ್ತರ ಕುಟುಂಬವೊಂದರೊಡನೆ ನಾವು ಹಟ್ಟಿಯಂಗಡಿಯ ಸಿದ್ಧಿವಿನಾಯಕನ ದರ್ಶನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಹೊರಬಂದಾಗ ಜೊತೆಗಿದ್ದ ಬಾಲಕನು, "ಅಜ್ಜಾ, ಕೃಷ್ಣದೇವರಾಯ ಈ ಊರನ್ನೂ ಆಳಿದ್ನಾ?" ಎಂದು ಕೇಳಿದನು. ಹಿಂದಿನ ರಾತ್ರಿ 'ಆದಿತ್ಯ 369' ಎಂಬ ತೆಲುಗು ಚಲನಚಿತ್ರವನ್ನು ನೋಡಿದ್ದನಂತೆ.

ಪ್ರಶ್ನೆ ಯೋಗ್ಯವಾದುದೇ. ವಿಜಯನಗರದ ಅರಸರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ವಿಂಗಡಿಸಿ ಅಧಿಕಾರಿಗಳ ಮೂಲಕ ಆಳುತ್ತಿದ್ದರು. ಹಟ್ಟಿಯಂಗಡಿಯ ಸೀಮೆ ಬಾರಕೂರಿಗೆ ಸೇರಿದ್ದಿತು.

ಸಿಂಗೀತಂ ಶ್ರೀನಿವಾಸರಾಯರು 1991ರಲ್ಲಿ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯಕನು ಕಾಲಯಂತ್ರವನ್ನೇರಿ 1526ರ ವಿಜಯನಗರವನ್ನು ಸೇರುತ್ತಾನೆ. ಆಸ್ಥಾನ, ತೆನಾಲಿ ರಾಮಕೃಷ್ಣ, ಅಮೂಲ್ಯವಾದ ವಜ್ರ, ಎಲ್ಲವೂ ಅಲ್ಲಿವೆ. ನಾಯಕನೂ ರಾಯನೂ ನಂದಮೂರಿ ಬಾಲಕೃಷ್ಣರೇ. 1895ರಲ್ಲಿ ಆಂಗ್ಲ ಲೇಖಕ ಎಚ್.ಜಿ. ವೆಲ್ಸ್ ತನ್ನ ಕಥೆಯ ಯಂತ್ರವನ್ನು ಬಹುದೂರದ ಭವಿಷ್ಯಕ್ಕೆ ಓಡಿಸಿದನು. ನಮ್ಮವರು ಅದನ್ನು ತುಂಗಭದ್ರೆಯ ದಡಕ್ಕೆ ತಿರುಗಿಸಿದರು. ಈ ಕಲ್ಪನೆಯನ್ನು ನಾವು ಹಳಿಯುವುದಿಲ್ಲ. ಪಾಠದಲ್ಲಿ ಬರಿಯ ಇಸವಿಯಾಗಿದ್ದ ಅರಸನು ಅದರಿಂದ ಮಗುವಿಗೆ ಜೀವಂತನಾದನು.

ಆದರೆ ಯಂತ್ರವಿಲ್ಲದೆಯೇ ಆ ನಗರವನ್ನು ಕಣ್ಣಾರೆ ಕಂಡವನೊಬ್ಬನಿದ್ದಾನೆ. ಅವನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಅವನು ಕಂಡ ರಾಯನು ಮಧ್ಯಮ ಎತ್ತರದವನು, ಮುಖದಲ್ಲಿ ಸಿಡುಬಿನ ಕಲೆಗಳುಳ್ಳವನು. ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಕತ್ತಿವರಸೆ, ಕುಸ್ತಿ, ಕುದುರೆ ಸವಾರಿಗಳಲ್ಲಿ ಮೈ ದಂಡಿಸುವವನು.

ರಾಯನು ಇಂದಿನ ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ಕೆರೆಯನ್ನೂ ಪಾಯೆಸ್ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಏರಿ ಎರಡು ಮೂರು ಸಲ ಒಡೆದಾಗ ಅರವತ್ತು ಮನುಷ್ಯರ ತಲೆ ಕಡಿಸಿ ಬಲಿ ಕೊಡಲಾಯಿತೆಂದೂ ಬರೆದಿದ್ದಾನೆ. ಅವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆಂದು ಅನಂತರ ಬಂದ ನ್ಯೂನಿಜ್ ಹೇಳುತ್ತಾನೆ. ಆ ನೀರಿನಿಂದ ಬೆಳೆಯುವ ಭೂಮಿಯನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನೆಂದು ಹೇಳುವವನೂ ಅವನೇ.

ನೀರುಣಿಸಿದ ಕೈಯೂ ಬಲಿಗೆ ಅಪ್ಪಣೆಯಿತ್ತ ಬಾಯಿಯೂ ಒಬ್ಬನವೇ. ಶರಣರು ಪ್ರಾಣಿಬಲಿಯನ್ನೂ ಸಹಿಸದೆ ದಯೆಯನ್ನು ಬೋಧಿಸಿ ಅಷ್ಟರಲ್ಲಿ ಮೂರೂವರೆ ಶತಮಾನಗಳು ಕಳೆದಿದ್ದವು. ಅರಸನನ್ನು ಪೂರ್ಣವಾಗಿ ಅರಿಯಬೇಕಾದರೆ ಕಾಲಯಂತ್ರವು ಸಿಂಹಾಸನದ ಮುಂದೆ ಮಾತ್ರ ನಿಂತರೆ ಸಾಲದು. ಕೆರೆಯ ಏರಿಯ ಮೇಲೂ ನಿಲ್ಲಬೇಕು. ವಜ್ರದ ಕಥೆ ಮಕ್ಕಳನ್ನು ರಂಜಿಸುತ್ತದೆ; ಮಣ್ಣು ಹೊತ್ತವರ ಕಥೆ ಅವರನ್ನು ಮನುಷ್ಯರನ್ನಾಗಿ ಮಾಡುತ್ತದೆ.

ಇದನ್ನೆಲ್ಲ ಕೇಳಿದ ಬಾಲಕನು ತುಸು ಹೊತ್ತು ಸುಮ್ಮನಿದ್ದನು. "ನಿನಗೆ ಆ ಯಂತ್ರ ಸಿಕ್ಕಿದರೆ ಎಲ್ಲಿಗೆ ಹೋಗುವೆ, ಮಗು?" ಎಂದೆವು.

"ಕೆರೆ ಹತ್ರ ಹೋಗ್ತೀನಿ ಅಜ್ಜಾ. ಬಲಿ ಬೇಡ ಅಂತ ರಾಜನಿಗೆ ಹೇಳ್ತೀನಿ."

ತಂದೆತಾಯಿಗಳೇ, ಇಂತಹ ಚಿತ್ರಗಳನ್ನು ಮಕ್ಕಳು ನೋಡಲಿ. ನೋಡಿದ ಮೇಲೆ ಅವರ ಪಕ್ಕದಲ್ಲಿ ಕುಳಿತು ಉಳಿದ ಕಥೆಯನ್ನೂ ಹೇಳಿರಿ.