ಪ್ರಸಾದದ ತಟ್ಟೆಯೂ ಕೀಟೋ ಪಥ್ಯವೂ

ಶರಣಧರ್ಮದಲ್ಲಿ ಊಟವೆಂಬ ಮಾತಿಗಿಂತ ಪ್ರಸಾದವೆಂಬ ಮಾತಿಗೆ ಬೆಲೆ ಹೆಚ್ಚು. ಹೊಲದಲ್ಲಿ ಬೆಳೆದುದು ಧಾನ್ಯ. ಒಲೆಯ ಮೇಲೆ ಬೆಂದುದು ಪದಾರ್ಥ. ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದೇ ಪ್ರಸಾದ. ಅಷ್ಟಾವರಣಗಳ ಸಾಲಿನಲ್ಲಿಯೇ ಅದಕ್ಕೊಂದು ಸ್ಥಾನವಿದೆ. ಇಂಥ ಸಂಸ್ಕಾರದಲ್ಲಿ ಬೆಳೆದ ನಮಗೆ, ತಟ್ಟೆಯ ಮುಂದೆ ಬಂದ ರೊಟ್ಟಿಯನ್ನು 'ಒಲ್ಲೆ' ಎನ್ನುವ ಪ್ರಸಂಗ ಒದಗೀತೆಂದು ಎಂದೂ ಎನಿಸಿರಲಿಲ್ಲ. ಕಳೆದ ವರ್ಷ ಅದು ಒದಗಿತು.

ಈ ಮಾತನ್ನು ಮನೆಯೊಳಗೇ ಇಟ್ಟುಕೊಳ್ಳಬಹುದಾಗಿತ್ತು. ಆದರೆ ಇಂದು ಮಧುಮೇಹವು ಒಬ್ಬರ ಮನೆಯ ಮಾತಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಅನೇಕರ ಕಿವಿಗೆ 'ಕೀಟೋ' ಎಂಬ ಹೆಸರು ಈಗಾಗಲೇ ಬಿದ್ದಿದೆ. ನಾವು ಪಟ್ಟ ಪಾಡು ಅವರಿಗೆ ಪಾಠವಾದೀತೆಂದು ಈ ಬರಹ.

ರೊಟ್ಟಿಯ ನಾಡಿನಲ್ಲಿ

ನಮ್ಮದು ಚಿಂಚೋಳಿ ತಾಲೂಕಿನ ಐನಾಪುರ. ಜೋಳ ಮತ್ತು ತೊಗರಿ, ಇವೆರಡೂ ನಮ್ಮ ಸೀಮೆಯ ಅನ್ನದಾತರು. 'ಗುಲಬರ್ಗಾ ತೊಗರಿಬೇಳೆ'ಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ಓದುಗರು ಬಲ್ಲರು. ಬೆಳಗಾದರೆ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ತಟ್ಟೆಯಲ್ಲಿ ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗಲೂ ನಾವು ಉಂಡದ್ದು ಇದನ್ನೇ. ಮಹಾದಾಸೋಹಿ ಶರಣಬಸವೇಶ್ವರರ ಹೆಸರು ಹೇಳಿ ತುತ್ತೆತ್ತುವ ಜಿಲ್ಲೆ ನಮ್ಮದು. ಇಲ್ಲಿ ನೀಡುವುದೂ ಉಣ್ಣುವುದೂ ಧರ್ಮವೇ.

ಒಂಬತ್ತು ವರ್ಷಗಳಿಂದ ನಮಗೆ ಸಕ್ಕರೆ ಕಾಯಿಲೆ. ಹೈದರಾಬಾದಿನಲ್ಲಿರುವ ಮಗ ಕಳೆದ ಕಾರಹುಣ್ಣಿಮೆಗೆ ಬಂದಾಗ, "ಅಪ್ಪಾರ, ನಮ್ಮ ಆಫೀಸಿನ್ಯಾಗ ಒಬ್ರು ಕೀಟೋ ಮಾಡಿ ಗುಳಿಗೀನೇ ಬಿಟ್ಟಾರ್ರಿ. ನೀವೂ ಒಂದೀಟು ಮಾಡಿ ನೋಡ್ರಿ" ಎಂದನು. ವ್ರತನಿಯಮಗಳಿಗೆ ಹೊಂದಿದ ದೇಹ ನಮ್ಮದು, ಇದೇನು ಮಹಾ ಎಂಬ ಸಣ್ಣ ಅಹಂಕಾರವೂ ನಮ್ಮಲ್ಲಿತ್ತು. ವೈದ್ಯರನ್ನು ಕೇಳದೆಯೇ ಆರಂಭಿಸಿಬಿಟ್ಟೆವು. ಮೊದಲ ತಪ್ಪು ಅದು.

ಈ ಪಥ್ಯದ ಮೂಲ

ಕೀಟೋ ಪಥ್ಯವು ತೂಕ ಇಳಿಸುವವರಿಗಾಗಿ ಹುಟ್ಟಿದುದಲ್ಲ. ಉಪವಾಸವಿದ್ದ ಅಪಸ್ಮಾರ ರೋಗಿಗಳಿಗೆ ಸೆಳವು ಕಡಿಮೆಯಾಗುವುದನ್ನು ವೈದ್ಯರು ಗಮನಿಸಿದ್ದರು. ಉಪವಾಸವನ್ನು ಬಹುದಿನ ನಡೆಸಲಾಗದು. ಆದುದರಿಂದ ಉಣ್ಣುತ್ತಲೇ ಉಪವಾಸದ ಫಲ ಪಡೆಯುವ ಆಹಾರಕ್ರಮವೊಂದನ್ನು 1921ರಲ್ಲಿ ಅಮೆರಿಕೆಯ ಮೇಯೊ ಕ್ಲಿನಿಕ್ಕಿನ ವೈದ್ಯ ರಸೆಲ್ ವೈಲ್ಡರ್ ಸೂಚಿಸಿದರು. ಔಷಧಿಗೆ ಬಗ್ಗದ ಅಪಸ್ಮಾರವುಳ್ಳ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಇಂದಿಗೂ ಇದನ್ನು ಕೊಡುತ್ತಾರೆ.

ಇದರ ತತ್ತ್ವ ಸರಳ. ನಮ್ಮ ದೇಹವು ಸಾಮಾನ್ಯವಾಗಿ ಧಾನ್ಯ, ಬೆಲ್ಲ, ಹಣ್ಣುಗಳ ಶರ್ಕರಪಿಷ್ಟದಿಂದ ದೊರೆಯುವ ಗ್ಲೂಕೋಸನ್ನು ಇಂಧನವಾಗಿ ಬಳಸುತ್ತದೆ. ಶರ್ಕರಪಿಷ್ಟವನ್ನು ದಿನಕ್ಕೆ ಸುಮಾರು 50 ಗ್ರಾಮಿಗಿಂತ ಕೆಳಗಿಳಿಸಿದರೆ, ಯಕೃತ್ತಿನಲ್ಲಿ ಕೂಡಿಟ್ಟ ಸಂಗ್ರಹವು ಒಂದೆರಡು ದಿನಗಳಲ್ಲಿ ಬರಿದಾಗುತ್ತದೆ. ಆಗ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಮಿದುಳು ಮತ್ತು ಸ್ನಾಯುಗಳು ಬಹುಮಟ್ಟಿಗೆ ಅವುಗಳ ಮೇಲೆ ನಡೆಯುತ್ತವೆ.

ಈ 50 ಗ್ರಾಮನ್ನು ನಮ್ಮ ತಟ್ಟೆಗೆ ಹಚ್ಚಿ ನೋಡೋಣ. 100 ಗ್ರಾಂ ಜೋಳದಲ್ಲಿ ನಾರಿನಂಶ ಬಿಟ್ಟು ಸುಮಾರು 68 ಗ್ರಾಂ ಶರ್ಕರಪಿಷ್ಟವಿದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯೆಂದರೆ 34 ಗ್ರಾಂ. ತೊಗರಿಬೇಳೆಯಲ್ಲಿ 100ಕ್ಕೆ ಸುಮಾರು 55. ಒಂದು ಬಟ್ಟಲು ಬೇಳೆಗೆ 30 ಗ್ರಾಂ ಹಿಡಿದರೂ 16 ಗ್ರಾಂ. ಒಂದು ರೊಟ್ಟಿ, ಒಂದು ಬಟ್ಟಲು ಬೇಳೆ: ಅಲ್ಲಿಗೆ ಇಡೀ ದಿನದ ಲೆಕ್ಕ ಮುಗಿಯಿತು! ಉಳಿದ ಹೊಟ್ಟೆ ತುಂಬಬೇಕಾದುದು ಕೊಬ್ಬಿನಿಂದ. ದಿನಕ್ಕೆ 1,600 ಕ್ಯಾಲರಿ ಬೇಕಾದವನು ನೂರಕ್ಕೆ 70-75 ಪಾಲನ್ನು ಕೊಬ್ಬಿನಿಂದಲೇ ಪಡೆಯಬೇಕೆಂದರೆ ಸುಮಾರು 125ರಿಂದ 130 ಗ್ರಾಂ ಕೊಬ್ಬು ತಿನ್ನಬೇಕು. ಮಾಂಸ, ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಉಳಿಯುವುದು ತುಪ್ಪ, ಬೆಣ್ಣೆ, ಪನೀರ್, ಕೊಬ್ಬರಿ, ಎಣ್ಣೆಕಾಳುಗಳು. ಶೇಂಗಾದಲ್ಲಿಯೂ 100ಕ್ಕೆ ಸುಮಾರು 17 ಗ್ರಾಂ ಶರ್ಕರಪಿಷ್ಟ ಉಂಟೆಂದು ತಿಳಿದಾಗ, ಹಿಂಡಿಯನ್ನೂ ಎಣಿಸಿ ತಿನ್ನುವ ಕಾಲ ಬಂತಲ್ಲ ಎಂದು ನಕ್ಕೆವು.

ಮೊದಲ ವಾರದ ಪಾಡು

ನಗು ಬಹುಕಾಲ ಉಳಿಯಲಿಲ್ಲ. ಎರಡನೆಯ ದಿನ ತಲೆಶೂಲೆ. ಮೂರನೆಯ ದಿನ ಕಾಲಿನ ಮೀನಖಂಡದಲ್ಲಿ ಸೆಡೆತ. ಆಮೇಲೆ ಮಲಬದ್ಧತೆ, ಬಾಯಲ್ಲಿ ಏನೋ ಒಂದು ವಾಸನೆ, ಮನಸ್ಸಿಗೆ ಮಂಕು. ಗ್ರಂಥ ಹಿಡಿದರೆ ಸಾಲು ತಪ್ಪುತ್ತಿತ್ತು. ಶರ್ಕರಪಿಷ್ಟ ತಗ್ಗಿದಾಗ ಇನ್ಸುಲಿನ್ ತಗ್ಗಿ, ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಈ ಬಾಧೆಗಳಿಗೆ ಬಹುಮಟ್ಟಿಗೆ ಅದೇ ಕಾರಣವೆಂದು ಆಮೇಲೆ ತಿಳಿಯಿತು. ಒಂದೇ ವಾರದಲ್ಲಿ ಎರಡು ಕಿಲೋ ಇಳಿದೆವೆಂದು ಹಿಗ್ಗಿದುದೂ ಭ್ರಮೆಯೇ. ಕೂಡಿಟ್ಟ ಗ್ಲೈಕೋಜೆನ್ನಿನ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಇರುತ್ತದೆ. ಮೊದಲು ಹೋಗುವುದು ಆ ನೀರು.

ಐದನೆಯ ದಿನ ಬೆಳಿಗ್ಗೆ ಲಿಂಗಪೂಜೆಗೆ ಕುಳಿತಿದ್ದೆವು. ಇದ್ದಕ್ಕಿದ್ದಂತೆ ಮೈ ಬೆವರಿತು, ಕೈ ನಡುಗಿತು. ಅಂಗೈಯ ಲಿಂಗ ಜಾರೀತೆಂಬ ಭಯದಿಂದ ಎದೆಗೊತ್ತಿ ಹಿಡಿದೆವು. ಸೊಸೆ ಓಡಿಬಂದು ಬೆಲ್ಲದ ನೀರು ಕುಡಿಸಿದಳು. ಐದು ದಿನ ದೂರವಿಟ್ಟಿದ್ದ ಬೆಲ್ಲವೇ ಅಂದು ಜೀವ ಹಿಡಿಯಿತು.

ಚಿಂಚೋಳಿಯಲ್ಲಿ ನಮ್ಮನ್ನು ನೋಡುವ ವೈದ್ಯರು ಚೆನ್ನಾಗಿಯೇ ಗದರಿಸಿದರು. ನಾವು ನುಂಗುತ್ತಿದ್ದ ಗ್ಲಿಮಿಪಿರೈಡ್ ಗುಳಿಗೆ ದೇಹದಿಂದ ಇನ್ಸುಲಿನ್ನನ್ನು ಹೊರಡಿಸುವಂಥದು. ಊಟ ತಗ್ಗಿಸಿ ಗುಳಿಗೆ ತಗ್ಗಿಸದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಭಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಗುಳಿಗೆ ಸೇವಿಸುವವರು ಈ ಪಥ್ಯ ಹಿಡಿದರೆ ರಕ್ತ ಆಮ್ಲವಾಗುವ ಗಂಡಾಂತರವುಂಟು. ಸಕ್ಕರೆ ಅಷ್ಟೇನೂ ಏರದಿದ್ದಾಗಲೂ ಅದು ಬರಬಲ್ಲದೆಂಬುದೇ ಅದರ ಮೋಸ. ಮೂತ್ರಪಿಂಡದ ರೋಗಿಗಳು, ಗರ್ಭಿಣಿಯರು, ಹಾಲೂಡುವ ತಾಯಂದಿರು ತಾವಾಗಿ ಇದಕ್ಕೆ ಕೈಹಾಕಲೇಬಾರದು. ವೈದ್ಯರು ನಮ್ಮ ಗುಳಿಗೆಯನ್ನು ಅರ್ಧಕ್ಕಿಳಿಸಿ, ರಕ್ತಪರೀಕ್ಷೆ ಮಾಡಿಸಿ, ವಾರವಾರ ಬಂದು ತೋರಿಸುವ ಕಟ್ಟಳೆಯ ಮೇಲೆ ಮುಂದುವರಿಯಲು ಬಿಟ್ಟರು.

ಪಂಕ್ತಿಯಿಂದ ಹೊರಗೆ

ದೇಹ ಹೊಂದಿಕೊಂಡಿತು, ಸಕ್ಕರೆಯೂ ತಗ್ಗಿತು. ಸತ್ಯವನ್ನು ಮರೆಮಾಚಬಾರದು. ಆದರೆ ಹೊಂದದೆ ಉಳಿದುದು ಬೇರೊಂದು.

ಶ್ರಾವಣದಲ್ಲಿ ನೆರೆಯೂರ ಮಠದ ಪುರಾಣ ಮಂಗಲಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಕುಳಿತಾಗ ಹಿರಿಯರೊಬ್ಬರು ಹುಗ್ಗಿಯ ಬಕೆಟ್ ಹಿಡಿದು ಬಂದರು. ನಾವು ತಟ್ಟೆಗೆ ಕೈ ಅಡ್ಡ ಹಿಡಿದೆವು. "ಪ್ರಸಾದಕ್ಕ ಒಲ್ಲೆ ಅನಬಾರದ್ರಿ ಶಾಸ್ತ್ರಿಗಳ, ನೀವೇ ಹಿಂಗಂದ್ರ ಹ್ಯಾಂಗ್ರಿ?" ಎಂದು ಅವರು ಎಂದಾಗ ಸಾಲೆಲ್ಲ ತಿರುಗಿ ನೋಡಿತು. ಅಂದಷ್ಟೇ ಪ್ರಸಾದದ ಮಹಿಮೆ ಕುರಿತು ಒಂದು ತಾಸು ಮಾತನಾಡಿದ್ದವರು ನಾವು! ನಾಚಿಕೆಯಿಂದ ಕೈ ತೆಗೆದೆವು. ಎರಡು ಸೌಟು ಹುಗ್ಗಿ, ಮೇಲೆ ಅನ್ನ, ಸಾರು. ತಟ್ಟೆಗೆ ಬಿದ್ದ ಪ್ರಸಾದವನ್ನು ಬಿಡುವಂತಿಲ್ಲ, ಎಲ್ಲವನ್ನೂ ಉಂಡೆವು. ಮರುದಿನ ಸಕ್ಕರೆ ಎಲ್ಲಿಗೆ ಏರಿತ್ತೆಂಬುದನ್ನು ಹೇಳುವುದು ಬೇಡ.

ಆ ಹೆದರಿಕೆಯಿಂದ ನಾವು ಇನ್ನೊಂದು ಅತಿಗೆ ಹೋದೆವು. ಮಠಕ್ಕೆ ಹೋದರೂ ಪಂಕ್ತಿಯ ಹೊತ್ತಿಗೆ ಎದ್ದು ಬರತೊಡಗಿದೆವು. ಮನೆಯಲ್ಲಿಯೂ ರೊಟ್ಟಿಯ ಪರಿಮಳ ತಾಳಲಾರದೆ ಒಳಕೋಣೆಯಲ್ಲಿ ಒಬ್ಬರೇ ಕುಳಿತು ಪನೀರು-ತುಪ್ಪ ತಿನ್ನುತ್ತಿದ್ದೆವು. ಪನೀರಿಗಾಗಿ ಯಾರಾದರೂ ಚಿಂಚೋಳಿಗೆ ಹೋಗಿಬರಬೇಕು. ಸೊಸೆ ದಿನಕ್ಕೆರಡು ಬಗೆಯ ಅಡಿಗೆ ಮಾಡಬೇಕು, ಎಲ್ಲರಿಗೂ ನೀಡಿ ಕಡೆಗೆ ತಾನು ಉಣ್ಣಬೇಕು. ಪಥ್ಯ ನಮ್ಮದು, ದಣಿವು ಆಕೆಯದು. ಒಂದು ರಾತ್ರಿ ಮೊಮ್ಮಗಳು ಬಾಗಿಲಲ್ಲಿ ನಿಂತು, "ಅಜ್ಜಾ, ನೀ ನಮ್ ಜೋಡಿ ಯಾಕ ಉಣ್ಣಂಗಿಲ್ಲ? ನಾವೇನ್ ಮಾಡೀವಿ?" ಎಂದು ಕೇಳಿತು. ಆ ಕೂಸಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಉಚ್ಚನೀಚರನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದ ಧರ್ಮದವರು ನಾವು. ನಮ್ಮ ಮನೆಯ ಪಂಕ್ತಿಯಿಂದಲೇ ಹೊರಗೆ ಕುಳಿತಿದ್ದೆವು.

ಅವಧಾನವೇ ಪ್ರಸಾದಿಯ ಭಕ್ತಿ

ಅಂದು ರಾತ್ರಿ ನಿದ್ರೆ ಬಾರದೆ, ನಾವೇ ನಲವತ್ತು ವರ್ಷ ಪಾಠ ಹೇಳಿದುದನ್ನು ಮನಸ್ಸಿಗೆ ತಂದುಕೊಂಡೆವು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನದು ಶ್ರದ್ಧಾಭಕ್ತಿ, ಮಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಅವಧಾನವೆಂದರೆ ಎಚ್ಚರ: ಏನನ್ನು, ಎಷ್ಟನ್ನು, ಯಾವ ಭಾವದಿಂದ ಸ್ವೀಕರಿಸುತ್ತಿದ್ದೇನೆಂಬ ಅರಿವು. ನಾಚಿಕೆಯಿಂದ ಎರಡು ಸೌಟು ಹುಗ್ಗಿ ಉಂಡುದರಲ್ಲಿ ಅವಧಾನವಿರಲಿಲ್ಲ; ಹೆದರಿಕೆಯಿಂದ ಪಂಕ್ತಿಯನ್ನೇ ಬಿಟ್ಟುದರಲ್ಲಿಯೂ ಇರಲಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ದಿನದಂತೆ ಆಯ್ದು ತರುವ ಅಕ್ಕಿ ಒಂದು ದಿನ ಹೆಚ್ಚಾಗಿ ಬಂದಾಗ, ಆ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಆ ತಾಯಿ ಗಂಡನಿಗೆ ತಿಳಿಹೇಳಿದಳು. ಆಕೆ ಅಕ್ಕಿಯನ್ನು ಅವಮಾನಿಸಲಿಲ್ಲ, ಅಳತೆಯನ್ನು ಗೌರವಿಸಿದಳು. ಪ್ರಸಾದದ ಪಾವಿತ್ರ್ಯವು ಪ್ರಮಾಣದಲ್ಲಿಲ್ಲ; ಕಣ ಮಾತ್ರದ ಪ್ರಸಾದವೂ ಪೂರ್ಣಪ್ರಸಾದವೇ. ನೀಡಿದ ಮೇಲೆ ಬಿಡುವುದು ತಪ್ಪು. ನೀಡುವ ಮೊದಲೇ "ಒಂದು ತುತ್ತು ಸಾಕು" ಎನ್ನುವುದು ತಪ್ಪಲ್ಲ. ದಾಸೋಹದಲ್ಲಿ ನೀಡುವ ಬಂಧುಗಳಿಗೂ ನಮ್ಮ ವಿನಂತಿ ಇಷ್ಟೇ: ಒತ್ತಾಯವು ಪ್ರೀತಿಯ ಗುರುತೆಂಬುದು ನಿಜ, ಆದರೆ ಕೈ ಅಡ್ಡ ಹಿಡಿದವನ ಎದುರಿಗೆ ಸೌಟು ತಡೆಯುವುದೂ ದಾಸೋಹವೇ.

ಹಿಡಿದ ನಡುದಾರಿ

ಮರುದಿನವೇ ವೈದ್ಯರಲ್ಲಿಗೆ ಹೋಗಿ, ಪೂರ್ಣ ಕೀಟೋ ನಮ್ಮಿಂದಾಗದೆಂದು ಒಪ್ಪಿಕೊಂಡೆವು. ಅವರು ನಕ್ಕು, ಶರ್ಕರಪಿಷ್ಟ ಕಡಿಮೆ ಮಾಡಬೇಕೆಂಬುದು ಸರಿ, ಇಲ್ಲವಾಗಿಸಬೇಕೆಂದಿಲ್ಲ ಎಂದರು. ಸಂಶೋಧನಾ ಮಂಡಳಿಯ ಮಧುಮೇಹ ಅಧ್ಯಯನದ ಅಂಕಿಗಳ ಮೇಲೆ ಮಾಡಿ 2022ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೂ ಇದನ್ನೇ ಹೇಳುತ್ತದೆ. ಹೊಸದಾಗಿ ಮಧುಮೇಹ ಬಂದವರಿಗೆ ರೋಗ ಹಿಮ್ಮೆಟ್ಟಲು ಅದು ಸೂಚಿಸುವ ಶರ್ಕರಪಿಷ್ಟದ ಪಾಲು ಒಟ್ಟು ಕ್ಯಾಲರಿಯ ನೂರಕ್ಕೆ 49ರಿಂದ 54. ನಮ್ಮ ದೇಶದವರು ಸಾಮಾನ್ಯವಾಗಿ ಉಣ್ಣುವುದು 60ಕ್ಕೂ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರಬಾರದೆಂದೂ ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು ಇರಬೇಕೆಂದೂ ಹೇಳುತ್ತದೆ.

ಈಗ ನಮ್ಮ ಮನೆಯಲ್ಲಿ ಒಂದೇ ಒಲೆ, ಒಂದೇ ಅಡಿಗೆ. ಹಿಂದೆ ಮೂರು ರೊಟ್ಟಿಗೆ ಒಂದು ಹಿಡಿ ಪಲ್ಯ. ಈಗ ಒಂದು ರೊಟ್ಟಿಗೆ ತಟ್ಟೆಯ ಅರ್ಧ ಪಲ್ಯ. ಪುಂಡಿ, ಮೆಂತ್ಯ, ಹಿರೇಕಾಯಿ, ಎಣ್ಣೆಗಾಯಿ ಬದನೆ, ಸೌತೆಕಾಯಿ ಇವು ಮೊದಲು ಹೊಟ್ಟೆಗೆ ಹೋಗುತ್ತವೆ. ಗಟ್ಟಿ ಬೇಳೆ ಅಥವಾ ಮೊಳಕೆಯ ಹೆಸರು, ಒಂದು ಬಟ್ಟಲು ಮೊಸರು, ಒಂದು ಚಮಚ ಅಗಸೆ ಹಿಂಡಿ. ರಾತ್ರಿ ಅನ್ನವಿಲ್ಲ; ಅಕ್ಕಿಗಿಂತ ಜೋಳದಲ್ಲಿ ನಾರು ಮೂರುಪಟ್ಟಿಗೂ ಹೆಚ್ಚು. ಚಹಕ್ಕೆ ಬೆಲ್ಲವಿಲ್ಲ. ಉಂಡ ಮೇಲೆ ಹೊಲದ ದಾರಿಯಲ್ಲಿ ಕಾಲು ತಾಸು ನಡಿಗೆ. ಮೂರು ತಿಂಗಳ ಸರಾಸರಿ ಸಕ್ಕರೆ 8.6 ಇದ್ದುದು 7.3ಕ್ಕೆ ಬಂದಿದೆ. ಗುಳಿಗೆ ಬಿಟ್ಟಿಲ್ಲ, ಬಿಡುವ ಹಂಬಲವನ್ನು ಬಿಟ್ಟಿದ್ದೇವೆ. ವೈದ್ಯರ ಮಾತಿನಂತೆ ಕೀಟೋ ಪಾಲಿಸಿ ಸುಖ ಕಂಡವರನ್ನು ನಾವು ಹಳಿಯುವುದಿಲ್ಲ. ಆದರೆ ಮನೆಯವರನ್ನು ದಣಿಸಿ, ತನ್ನನ್ನು ಒಂಟಿಯಾಗಿಸುವ ಪಥ್ಯ ಬಹುದಿನ ಬಾಳದೆಂಬುದು ನಾವು ಕಂಡ ಮಾತು.

ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿದ ಮೇಲೆ ಮರದ ನೆರಳಿನಲ್ಲಿ ಸಾಲಾಗಿ ಕುಳಿತೆವು. ಸೊಸೆ ಸಜ್ಜೆರೊಟ್ಟಿ, ಭಜ್ಜಿ, ಕಡುಬು ಹಿಡಿದು ಬಂದಳು, ನಮ್ಮ ಮುಂದೆ ನಿಂತು, "ಮಾವಾರ, ಎಷ್ಟು ನೀಡಲಿರಿ?" ಎಂದು ಕೇಳಿದಳು. ಭಜ್ಜಿ ತುಂಬ ನೀಡವ್ವ, ಕಡುಬು ಅರ್ಧ ಎಂದೆವು. ಉಳಿದರ್ಧವನ್ನು ಪಕ್ಕದಲ್ಲಿ ಕುಳಿತ ಮೊಮ್ಮಗಳು ತನ್ನ ತಟ್ಟೆಗೆ ಹಾಕಿಸಿಕೊಂಡಿತು. ಬಹುದಿನಗಳ ಮೇಲೆ ಹೊಟ್ಟೆ ತಂಪಾಯಿತು. ಎಲ್ಲರ ಮನೆಯ ಪಂಕ್ತಿಗಳೂ ಹೀಗೆ ತುಂಬಿರಲಿ, ಅಳತೆಯಲ್ಲಿ ಆರೋಗ್ಯ ನೆಲೆಸಲಿ ಎಂದು ಗುರುಬಸವಣ್ಣನವರಲ್ಲಿ ಬೇಡುತ್ತೇವೆ. ಶರಣು ಶರಣಾರ್ಥಿ.